ಕ್ಲಚ್ ಹುಡುಕಿದ ಕಾಲು

ನಮ್ಮ ಭಾವ ಹೋಬರ್ಟ್ ಸ್ಟಿಡಮ್ ಅವರಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಕಲ್ಲಿದ್ದಲ ಗಣಿಯೊಳಗೆ ಚಾವಣಿ ಕುಸಿದು ಜಜ್ಜಿಹೋಗಿದ್ದನ್ನು ಆಸ್ಪತ್ರೆಯವರು ಕತ್ತರಿಸಿ ತೆಗೆದರು. ಕೆಂಟುಕಿಯ ನಮ್ಮ ಬೆಟ್ಟದ ಕಡೆ ಅಂಥದ್ದನ್ನು ಎಸೆಯುವ ಪದ್ಧತಿಯಿಲ್ಲ. ಅವರಣ್ಣ ಥರ್ಮನ್ ಆ ಕಾಲನ್ನು ಕೇಳಿ ಪಡೆದು, ಓಕ್ ಮರದ ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಗುಡ್ಡದ ಮೇಲಿನ ಮನೆತನದ ಸ್ಮಶಾನದಲ್ಲಿ ಭಾವನಿಗೆಂದು ಬಿಟ್ಟಿದ್ದ ಜಾಗದಲ್ಲೇ ಹೂತರು. ಪಾದ್ರಿ ಬಂದು ಪ್ರಾರ್ಥನೆಯನ್ನೂ ಹೇಳಿದರು. "ನನ್ನ ಕಾಲು ನನಗಿಂತ ಮುಂಚೆ ಸ್ವರ್ಗ ಸೇರ್ತು. ನಾನು ಕುಂಟ್ಕೊಂಡು ಆಮೇಲೆ ಬರ್ತೀನಿ" ಎಂದು ಭಾವ ನಗಾಡಿದ್ದರು.

ಆ ನಗು ಬಹಳ ದಿನ ಉಳಿಯಲಿಲ್ಲ. ಇಲ್ಲದ ಕಾಲು ನೋಯತೊಡಗಿತು. ಪಾದ ಕೆಳಕ್ಕೆ ಒತ್ತುತ್ತದೆ, ಒತ್ತಿದಲ್ಲಿ ಏನೂ ಸಿಗುವುದಿಲ್ಲ, ಮತ್ತೆ ಒತ್ತುತ್ತದೆ ಎಂದು ಹೇಳುತ್ತಿದ್ದರು. ಮಾತ್ರೆಗಳಿಗೆ ಅದು ಬಗ್ಗಲಿಲ್ಲ. ಪೆಟ್ಟಿಗೆಯೊಳಗೆ ಬೆರಳು ಮಡಿಚಿಕೊಂಡಿರಬೇಕು, ಅಗೆದು ನೆಟ್ಟಗೆ ಮಾಡಿ ಎಂದರು ಹಳಬರು. ಥರ್ಮನ್ ಅಗೆದು ನೆಟ್ಟಗೆ ಮಾಡಿದ್ದೂ ಆಯಿತು. ಎಳ್ಳಷ್ಟೂ ಪ್ರಯೋಜನವಾಗಲಿಲ್ಲ. ಒಂದು ಮಧ್ಯಾಹ್ನ ನನ್ನ ಅಕ್ಕ ವರ್ಡಿ, ಕಂಬಳಿಯಲ್ಲಿ ಸುತ್ತಿದ ಬಂದೂಕನ್ನು ತಂದು ನನ್ನ ರಿಪೇರಿ ಶೆಡ್ಡಿನ ಬೀರುವಿನಲ್ಲಿಟ್ಟಳು.

"ಇದು ಮನೇಲಿರೋದು ಬೇಡ ಕಣೋ ಆರ್ಲಿ. ನಿನ್ನೆ ಇದನ್ನ ತೊಡೆ ಮೇಲೆ ಇಟ್ಕೊಂಡು ಸುಮ್ನೆ ಕೂತಿದ್ರು ನಿಮ್ಮ ಭಾವ."

"ಒರೆಸ್ತಿದ್ರೇನೋ."

"ನಿನ್ನ ತಲೆ. ಎಣ್ಣೆ ಇಲ್ಲ, ಬಟ್ಟೆ ಇಲ್ಲ, ಏನು ಒರೆಸೋದು? ಅವರನ್ನ ಕಳ್ಕೊಂಡ್ರೆ ನಾನಿರಲ್ಲ, ತಿಳ್ಕೋ."

ಅಕ್ಕ ಅಳುವ ಜಾತಿಯಲ್ಲ. ಅವಳ ಗದ್ದ ನಡುಗಿದ್ದು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅದೇ ವಾರ ಭಾವ ತಮ್ಮ ಹಳೆಯ ಪಿಕಪ್ ಟ್ರಕ್ಕನ್ನು ಶೆಡ್ಡಿಗೆ ತಂದರು. ಕಾಲು ಹೋದ ಮೇಲೆ ಕೊಂಡ ಆಟೋಮ್ಯಾಟಿಕ್ ಗಾಡಿ ಅದು. ಅದರಲ್ಲಿ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ.

"ಇದರ ಗೇರ್‌ಬಾಕ್ಸ್ ಬಿಚ್ಚಿ ಬಿಸಾಕು. ಕ್ಲಚ್ ಇರೋದನ್ನ ಕೂರ್ಸು" ಎಂದರು.

"ಕ್ಲಚ್ ಯಾರು ಭಾವ ಒತ್ತೋದು, ನಿಮ್ಮಜ್ಜಿನಾ?"

"ಕಾಲು ಹುಡುಕ್ತಿರೋದು ಅದನ್ನೇ ಕಣೋ. ಮೀಸೆ ಬರೋಕೆ ಮುಂಚೆಯಿಂದ ಕ್ಲಚ್ ಒತ್ತಿದ ಕಾಲು. ಸಿಗೋವರೆಗೂ ಅದು ಸುಮ್ನಿರಲ್ಲ."

ಹುಚ್ಚು ಎಂದುಕೊಂಡೆ. ಆದರೆ ಬೀರುವಿನಲ್ಲಿ ಬಂದೂಕಿತ್ತು. ಒಪ್ಪಿಕೊಂಡೆ.

ಗುಜರಿಯಲ್ಲಿ ಅದೇ ಮಾದರಿಯ ಜಖಂ ಗಾಡಿಯೊಂದು ಸಿಕ್ಕಿತು. ಗೇರ್‌ಬಾಕ್ಸು, ಫ್ಲೈವೀಲು, ಕ್ಲಚ್ ಪ್ಲೇಟು, ಪೆಡಲುಗಳು ಎಲ್ಲವನ್ನೂ ಅದರಿಂದಲೇ ಕಳಚಿ ತಂದೆ. ನೆಲದ ತಗಡಿನಲ್ಲಿ ಗೇರಿನ ಕೋಲಿಗೆ ತೂತು ಕೊರೆದೆ. ಈ ಗೇರ್‌ಬಾಕ್ಸಿನ ಉದ್ದ ಬೇರೆ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಹೊಂದಲಿಲ್ಲ. ಅದನ್ನು ಕತ್ತರಿಸಿ ಬೆಸುಗೆ ಹಾಕಿಸಬೇಕಾಯಿತು. ಬಾಯ್ತುಂಬ ಬೈಯುತ್ತಲೇ ಎಲ್ಲವನ್ನೂ ಮಾಡಿದೆ.

ಕೊನೆಗೆ ಉಳಿದದ್ದು ಕ್ಲಚ್ಚಿನ ಎಣ್ಣೆಯ ಕೊಳವೆಯಿಂದ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಒಬ್ಬ ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಗಾಡಿಯ ಕೆಳಗೆ ಮಲಗಿ ನಟ್ಟು ಸಡಿಲಿಸಬೇಕು. ಭಾವ ಬಾಗಿಲು ತೆರೆದು ಸೀಟಿನಲ್ಲಿ ಕೂತರು. ಸೆಖೆಗೆ ಕಚ್ಚುತ್ತದೆಂದು ಕೃತಕ ಕಾಲನ್ನು ಕಳಚಿ ಗೋಡೆಗೆ ಒರಗಿಸಿದ್ದರು. ಬಲಗಾಲಿನಲ್ಲಿ ಒತ್ತುತ್ತಾರೆ ಎಂದುಕೊಂಡು ನಾನು ಕೆಳಗೆ ನುಸುಳಿದೆ.

"ಒತ್ತಿ" ಎಂದೆ. ಎಣ್ಣೆ ಗುಳ್ಳೆ ಗುಳ್ಳೆಯಾಗಿ ಬಂತು.

"ಬಿಡಿ. ಹಾಂ, ಒತ್ತಿ." ಮತ್ತೆ ಬಂತು.

ಅವಸರವಿಲ್ಲ, ಜಾರಿಕೆಯಿಲ್ಲ. ಇಷ್ಟು ಹದವಾಗಿ ಯಾವ ಮೆಕ್ಯಾನಿಕ್ಕೂ ನನಗೆ ಒತ್ತಿಕೊಟ್ಟಿರಲಿಲ್ಲ. ಹೊಗಳೋಣವೆಂದು ತಲೆ ಹೊರಳಿಸಿದೆ. ಬಾಗಿಲಿನ ಕೆಳಗೆ, ಶೆಡ್ಡಿನ ನೆಲದ ಮೇಲೆ, ಭಾವನ ಬಲಗಾಲಿನ ಬೂಟು ಕಂಡಿತು. ಅವರು ಸೀಟಿನ ಅಂಚಿಗೆ ಸರಿದು, ಇದ್ದ ಆ ಒಂದು ಕಾಲನ್ನು ಹೊರಗೆ ನೆಲಕ್ಕೆ ಊರಿ ಕೂತಿದ್ದರು.

ನಾನು ಹೇಳದೆಯೇ ಪೆಡಲ್ ಮತ್ತೆ ಕೆಳಗಿಳಿದ ಸದ್ದು ಕೇಳಿಸಿತು.

ಮೇಲೆ ಭಾವ ಅಳುತ್ತಿದ್ದರು. "ಸಿಕ್ತು ಕಣೋ. ನೋವು ನಿಂತೋಯ್ತು" ಎನ್ನುತ್ತಿದ್ದರು.

ತೆವಳಿಕೊಂಡು ಹೊರಬಂದವನು ಶೆಡ್ಡಿನ ಹಿಂದೆ ಹೋಗಿ ಕೈಗೆ ಮೆತ್ತಿದ್ದ ಎಣ್ಣೆಯನ್ನು ಹುಲ್ಲಿಗೆ ಒರೆಸುತ್ತ ಕೂತೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ, ನಗದಿದ್ದರೆ ಇನ್ನೂ ಕಷ್ಟ.

ಆಮೇಲೆ ಭಾವ ಮಗುವಿನಂತೆ ನಿದ್ದೆ ಮಾಡಿದರು. ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಕೇಳಿ ಬಡಿಸಿಕೊಂಡರು. ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಕೆಟ್ಟದಾಗಿ ಹಾಡಿದರು. ಅಕ್ಕನ ಮುಖ ಅರಳಿತು. ಎದೆಯಲ್ಲಿ ಕೂತಿದ್ದ ಗಣಿಯ ಧೂಳು ಮಾತ್ರ ಅವರನ್ನು ಬಿಡಲಿಲ್ಲ. ಓಡಿಸುವ ತ್ರಾಣ ಹೋದಾಗ ಅವರು ಪಕ್ಕದ ಸೀಟಿಗೆ ಸರಿದರು, ಅಕ್ಕ ಓಡಿಸತೊಡಗಿದಳು. ಅವಳು ಹುಟ್ಟಿದಾರಭ್ಯ ಕ್ಲಚ್ ಮುಟ್ಟಿದವಳಲ್ಲ. ಗೇರಿನ ಕೋಲಿಗೆ ಕೈ ಹಾಕಿದರೆ ಸಾಕು, ಪೆಡಲ್ ತಾನಾಗಿ ಇಳಿಯುತ್ತಿತ್ತು.

"ನಿಂಗೆ ಭಯ ಆಗಲ್ವಾ ಅಕ್ಕ?" ಎಂದು ಕೇಳಿದೆ.

"ಗಂಡನ ಕಾಲಿಗೆ ಯಾಕೋ ಭಯ? ಹಾಸಿಗೇಲಿ ತಣ್ಣಗೆ ತಗುಲ್ತಿತ್ತಲ್ಲ, ಆಗ ಬೈತಿದ್ದೆ, ಅಷ್ಟೆ."

ಮಾರ್ಚ್ ತಿಂಗಳ ಚಳಿಯಲ್ಲಿ ಭಾವ ತೀರಿಕೊಂಡರು. ಹೆಣದ ಹತ್ತಿರ ಕೂರಲು ಬಂದವರಿಗೆ ಕಾಫಿಪುಡಿ ತರಲೆಂದು ಅಕ್ಕ ಒಬ್ಬಳೇ ಟ್ರಕ್ಕು ತೆಗೆದಳು. ನಾನು ವರಾಂಡದಲ್ಲಿ ನಿಂತು ನೋಡಿದೆ. ಗಾಡಿ ಚೂರೂ ಜಗ್ಗದೆ ಇಳಿಜಾರು ಇಳಿಯಿತು. ವಾಪಸು ಬಂದವಳ ಕಣ್ಣು ಹೊಳೆಯುತ್ತಿತ್ತು.

"ಪೂರ್ತಿ ಹೋಗಿಲ್ಲ ಕಣೋ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಆಗಲೇ ಥರ್ಮನ್ ಟೋಪಿ ಕೈಯಲ್ಲಿ ಹಿಡಿದು ಅವಳ ಮುಂದೆ ಬಂದು ನಿಂತರು.

"ನೋಡಮ್ಮ ವರ್ಡಿ, ಗುಂಡಿ ತೋಡ್ತಿದೀವಿ. ಕಾಲಿನ ಪೆಟ್ಟಿಗೆ ಅಲ್ಲೇ ಇದೆ. ಅವನ ಜೊತೆ ಶವಪೆಟ್ಟಿಗೇಲೇ ಇಡೋಣ್ವಾ? ಸತ್ತೋರೆಲ್ಲ ಏಳೋ ದಿನ ನನ್ನ ತಮ್ಮ ಕುಂಟ್ಕೊಂಡು ಏಳ್ಬಾರ್ದು. ಆದ್ರೆ ನೀನು ಬೇಡ ಅಂದ್ರೆ ನಾನು ಮುಟ್ಟಲ್ಲ."

ಅಕ್ಕ ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಬೇಡ ಅನ್ನಲಿ ದೇವರೇ ಎಂದು ಬೇಡಿಕೊಂಡೆ. ಕಾಲು ಭಾವನನ್ನು ಸೇರಿಕೊಂಡು, ಪೆಡಲ್ ಬಿಟ್ಟುಹೋಗಿ, ಅವಳು ಮತ್ತೆ ಬರಿಗೈಯಾಗುವುದು ನನಗೆ ಬೇಕಿರಲಿಲ್ಲ. ಗಾಜಿನಾಚೆ ಅವಳ ತುಟಿ ಅಲ್ಲಾಡುತ್ತಿತ್ತು, ಮಾತು ಕೇಳಿಸಲಿಲ್ಲ. ಅವಳ ಮಾತು ನಿಂತಾಗಲೆಲ್ಲ ಪೆಡಲಿನ ಸ್ಪ್ರಿಂಗ್ ಕಿರುಗುಟ್ಟುತ್ತಿತ್ತು.

ಒಳಗೆ ಬಂದು ಥರ್ಮನ್‌ರ ಮುಖ ನೋಡದೆ ಹೇಳಿದಳು, "ಇಡಿ. ನಂಗೋಸ್ಕರ ಅವರು ಅರ್ಧ ಆಗಿರೋದು ಬೇಡ."

ಇಟ್ಟರು. ಮಣ್ಣು ಮುಚ್ಚಿದರು. ಜನ ಚದುರಿದ ಮೇಲೆ ಅಕ್ಕ ಟ್ರಕ್ಕು ಹತ್ತಿ ಕೀಲಿ ತಿರುಗಿಸಿದಳು. ಪೆಡಲ್ ಇಳಿಯಲಿಲ್ಲ, ಗೇರಿನಲ್ಲೇ ನಿಲ್ಲಿಸಿದ್ದ ಗಾಡಿ ಒಮ್ಮೆ ಮುಂದಕ್ಕೆ ಮುಗ್ಗರಿಸಿ ನಿಂತುಹೋಯಿತು. ಇನ್ನೊಮ್ಮೆ ತಿರುಗಿಸಿದಳು. ಇನ್ನೊಮ್ಮೆಯೂ ಹಾಗೇ ಆಯಿತು.

"ಹೋದ್ರು ಕಣೋ ಆರ್ಲಿ" ಎಂದಳು. ಸತ್ತ ದಿನ ಅಳದವಳು ಆಗ ಅತ್ತಳು. ನನಗೂ ತಡೆಯಲಾಗಲಿಲ್ಲ.

"ಎಡಗಾಲಲ್ಲಿ ಒತ್ತು ಅಕ್ಕ. ನಾನು ಹೇಳ್ಕೊಡ್ತೀನಿ."

"ಅದು ಅವರ ಜಾಗ."

"ಹಂಗಂತ ಇಲ್ಲೇ ಕೂತಿರೋಕಾಗುತ್ತಾ?"

ಅವಳು ಬಗ್ಗಿ ಎಡಗಾಲಿನ ಬೂಟು ಕಳಚಿದಳು. ಕಾಲುಚೀಲವನ್ನೂ ತೆಗೆದಳು. ಹೊರಗೆ ಹುಲ್ಲೆಲ್ಲ ಹಿಮಗಟ್ಟಿ ಬೆಳ್ಳಗಾಗಿತ್ತು, ಗಾಡಿಯ ತಗಡು ಮುಟ್ಟಿದರೆ ಕೈ ಜೋಮು ಹಿಡಿಯುತ್ತಿತ್ತು. ಬರಿ ಪಾದವನ್ನು ಮೆಲ್ಲಗೆ ಪೆಡಲಿನ ಮೇಲಿಟ್ಟಳು. ಇಟ್ಟವಳು ಅಲ್ಲಾಡದೆ ಕೂತಳು.

"ಇನ್ನೂ ಬೆಚ್ಚಗಿದೆ ಕಣೋ" ಎಂದಳು.