ತಿದ್ದಲು ಬಾರದ ಫಿಲ್ಮ್

ಅಕ್ಕನ ಎಡಗೆನ್ನೆಯ ಮೇಲೆ ಸುಟ್ಟ ಕಲೆಯಿತ್ತು. ಚಿಕ್ಕವಳಿದ್ದಾಗ ಸ್ಟೋವ್ ಸಿಡಿದು ಆದದ್ದು. ನಾನು ಕೆಲಸಕ್ಕಿದ್ದ ಲಿಂಗಸುಗೂರಿನ ಸ್ಟುಡಿಯೋದ ಮಾಲೀಕರು ವರನ ಕಡೆಗೆ ಕಳಿಸಲೆಂದು ಅವಳ ಫೋಟೋ ತೆಗೆದು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಕಲೆಯನ್ನು ಅಳಿಸಿಬಿಟ್ಟರು. ಎಂಬತ್ತರ ದಶಕದಲ್ಲಿ ಸ್ಟುಡಿಯೋದವರು ಹೇಳದೆಯೇ ಮಾಡುತ್ತಿದ್ದ ಉಪಕಾರ ಅದು. ಆ ಫೋಟೋ ನೋಡಿ ಮಸ್ಕಿಯಿಂದ ಬಂದವರು ಅಕ್ಕನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು, ಮುಂದಿಟ್ಟ ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು.

"ಇನ್ನೊಮ್ಮೆ ಹಿಂಗ ಬ್ಯಾಡ ತಮ್ಮಾ," ಎಂದಳು ಅಕ್ಕ. "ನೀನ ತೆಗಿ. ಮಾರಿ ಹೆಂಗೈತಿ ಹಂಗ ಬರಬೇಕು. ಅದನ್ನ ನೋಡಿ ಬರೋರು ಬರಲಿ."

ಅಷ್ಟರಲ್ಲಿ ಸಿಂಧನೂರಿನ ಒಂದು ಮನೆಯವರು ಹುಡುಗಿಯ ಫೋಟೋ ಕೇಳಿದ್ದರು. ಯಾರೂ ಪೆನ್ಸಿಲ್ ಆಡಿಸಲಾಗದ್ದು ಸ್ಲೈಡ್ ಫಿಲ್ಮ್ ಒಂದೇ. ಅದಕ್ಕೆ ನೆಗೆಟಿವ್ ಇಲ್ಲ. ತೆಗೆದ ಚಿತ್ರವೇ ಬಣ್ಣದ ಸಣ್ಣ ಚೌಕವಾಗಿ ಬರುತ್ತದೆ, ಬೆಳಕಿಗೆ ಹಿಡಿದು ನೋಡಬೇಕು. ಯಾವುದನ್ನು ತರಿಸಲಿ ಎಂದು ವಾರವೆಲ್ಲ ತಲೆ ಕೆಡಿಸಿಕೊಂಡೆ. ಅರವತ್ನಾಲ್ಕರ ವೇಗದ ಫಿಲ್ಮಿನಲ್ಲಿ ಬಣ್ಣ ಚೆಂದ, ಆದರೆ ವೇಗ ಕಡಿಮೆ, ಬಿಸಿಲು ಬೇಕು. ಓಣಿಯವರೆಲ್ಲ ನೋಡುವಂತೆ ಅಂಗಳದಲ್ಲಿ ಕೂಡಲು ಅಕ್ಕ ಒಲ್ಲೆ ಎಂದಳು. ಫ್ಲ್ಯಾಶ್ ಹೊಡೆದರೆ ಮುಖವೆಲ್ಲ ಬೆಳ್ಳಗಾಗಿ ಕಲೆ ಅರ್ಧ ಮಾಯ. ಉಳಿದದ್ದು ನಾನೂರರ ವೇಗದ ಫಿಲ್ಮ್. ಚಿತ್ರ ರವೆ ರವೆಯಾಗಿ ಕಂಡರೂ ನಮ್ಮ ಪಡಸಾಲೆಯ ಕಿಟಕಿಯ ಬೆಳಕೇ ಅದಕ್ಕೆ ಸಾಕು. ಹೈದರಾಬಾದಿನಿಂದ ಒಂದು ರೋಲ್ ತರಿಸಿದೆ. ಮಾಲೀಕರು ನಕ್ಕರು. "ಲೇ, ಸ್ಲೈಡ್ ದೊಡ್ಡದು ಮಾಡಿ ನೋಡಾಕ ಸಿಂಧನೂರಾಗ ಯಾರ ಮನ್ಯಾಗ ಪ್ರೊಜೆಕ್ಟರ್ ಐತಲೇ?"

ಅಕ್ಕನನ್ನು ಕಿಟಕಿಯ ಮುಂದೆ ಕೂಡಿಸಿ ನೇರ ಮುಖದ ಚಿತ್ರ ತೆಗೆದೆ. ಅವಳು ಕ್ಯಾಮೆರಾವನ್ನು ಹೆದರದೆ ನೋಡುತ್ತಿದ್ದಳು. ಹೆದರಿದವನು ನಾನು. ಮಸ್ಕಿಯವರು ಎದ್ದು ಹೋದದ್ದು ಕಣ್ಣ ಮುಂದೆ ಬಂತು. "ಅಕ್ಕಾ, ಸ್ವಲ್ಪ ಈ ಕಡೆ ಹೊಳ್ಳು," ಎಂದೆ. ಎಡಗೆನ್ನೆ ನೆರಳಿಗೆ ಹೋಯಿತು. ಬಲಗೆನ್ನೆಯ ಬೆಳಕನ್ನಷ್ಟೇ ಅಳೆದು ಒತ್ತಿದೆ. ಸ್ಲೈಡಿನಲ್ಲಿ ನೆರಳು ಪೂರ್ತಿ ಕಪ್ಪಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಫಿಲ್ಮ್ ತೊಳೆಸಿಕೊಂಡು ಬಂದಾಗ ಅಕ್ಕನಿಗೆ ನೇರ ಮುಖದ್ದನ್ನು ಕೊಟ್ಟು, ಇಂಥದೇ ಇನ್ನೊಂದನ್ನು ಕಳಿಸುತ್ತೇನೆಂದು ಹೇಳಿದೆ. ಸಿಂಧನೂರಿನ ವರನ ಮನೆಗೆ ಹೋದದ್ದು ನೆರಳಿನದು. ಪೆನ್ಸಿಲ್ ಮುಟ್ಟಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಗೇಡಿನ ಸಮಾಧಾನ.

ಸಿಂಧನೂರಿನವರು ಹೆಣ್ಣು ನೋಡಲು ಬಂದರು. ವರನ ತಾಯಿ ಸ್ಲೈಡನ್ನು ಬಾಗಿಲ ಬೆಳಕಿಗೆ ಹಿಡಿದು, ಅಕ್ಕನ ಕಡೆ ತಿರುಗಿ, "ಇದರಾಗ ಈ ಗಲ್ಲ ಕಾಣವಲ್ದಲ್ಲವ್ವಾ," ಎಂದರು. ಅಕ್ಕ ಅದನ್ನು ಇಸಿದುಕೊಂಡು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎಲ್ಲರ ಮುಂದೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಇದು ತಪ್ಪಿ ಬಂದೈತ್ರಿ. ನನ್ನ ಫೋಟೋ ಒಳಗೈತಿ," ಎಂದು ನೇರ ಮುಖದ್ದನ್ನು ತಂದು ಅವರ ಕೈಗಿಟ್ಟಳು. ಆ ತಾಯಿ ಬಹಳ ಹೊತ್ತು ನೋಡಿ ಮಗನಿಗೆ ಕೊಟ್ಟರು. ಅವನು ತಲೆಯಾಡಿಸಿದ. ಸಂಬಂಧ ಕೂಡಿಬಂತು.

ಮದುವೆಯ ಫೋಟೋ ತೆಗೆಯಲು ಅಕ್ಕ ಸ್ಟುಡಿಯೋದ ಮಾಲೀಕರನ್ನು ಕರೆಸಿದಳು.

"ನಾ ಇದ್ದೀನಲ್ಲಕ್ಕಾ, ಅವರು ಮತ್ತ ತಿದ್ದತಾರ," ಎಂದೆ.

"ತಿದ್ದಲಿ ಬಿಡು," ಎಂದಳು. "ಅವರನ್ನ ನಾ ನಂಬಿದ್ದಿಲ್ಲ."