ಸಾಗವಾನಿ ತಲೆ

ಮೊನ್ನೆ ಹಳಿಯಾಳದ ಪೇಟೆಯಲ್ಲಿ ಚಪ್ಪಲಿ ಹೊಲಿಯುವವನ ಮುಂದೆ ಕುಳಿತಿದ್ದೆ. ಮಳೆಗೆ ನೆನೆದ ತೊಗಲಿಗೆ ಅವನು ಕುರಿಯ ಕೊಬ್ಬು ತಿಕ್ಕತೊಡಗಿದ. ಆ ವಾಸನೆ ಮೂಗಿಗೆ ಬಡಿದದ್ದೇ ಎದ್ದುಬಿಟ್ಟೆ. ಚಪ್ಪಲಿ ಅಲ್ಲೇ ಉಳಿಯಿತು. ಬರಿಗಾಲಲ್ಲಿ ಮನೆಗೆ ಬಂದೆ...

ಅದು ನಮ್ಮ ಫುಟ್‌ಬಾಲಿನ ವಾಸನೆ. ಅರವತ್ತರ ದಶಕದ ಆರಂಭದಲ್ಲಿ ದಾಂಡೇಲಿಯ ಒಬ್ಬ ಕಟ್ಟಿಗೆ ಗುತ್ತಿಗೆದಾರನ ಡಿಪೋದಲ್ಲಿ ನಾನು ಕಾರಕೂನನಾಗಿದ್ದೆ. ಆತನಿಗೆ ಫುಟ್‌ಬಾಲಿನ ಹುಚ್ಚು. ಕಲ್ಕತ್ತೆಯಿಂದ ಕ್ಯಾಪ್ಟನ್ನನನ್ನೂ ಇಬ್ಬರು ಆಟಗಾರರನ್ನೂ ಕರೆಸಿ ಹಂಚಿನ ಮನೆ ಕೊಟ್ಟಿದ್ದ. ಧಾರವಾಡದ ಕಡೆಯಿಂದ ಬಂದ ನಮ್ಮಂಥವರಿಗೆ ಬೂಟು ಸಿಕ್ಕಿದ್ದವು. ಜೋಯಿಡಾದ ಕಾಡಿನಿಂದ ಬಂದು ದಿಮ್ಮಿ ಹೊರುತ್ತಿದ್ದ ಒಬ್ಬ ಹಮಾಲನೂ ತಂಡದಲ್ಲಿದ್ದ; ಅವನಿಗೆ ಅವೂ ಇಲ್ಲ. ಬರಿಗಾಲಲ್ಲೇ ಆಡುತ್ತಿದ್ದ. ಕಪ್ ಗೆದ್ದರೆ ಡಿಪೋದಲ್ಲಿ ಕಾವಲುಗಾರನ ಕೆಲಸ ಕಾಯಂ ಎಂದು ಗುತ್ತಿಗೆದಾರ ಅವನಿಗೆ ಮಾತು ಕೊಟ್ಟಿದ್ದ.

ಎಷ್ಟು ಕೊಬ್ಬು ತಿಕ್ಕಿದರೂ ಮಳೆಗಾಲದಲ್ಲಿ ಚೆಂಡು ನೀರು ಕುಡಿಯುತ್ತಿತ್ತು. ಅದಕ್ಕೆ ತಲೆ ಕೊಡುವುದೆಂದರೆ ಕಲ್ಲಿಗೆ ಕೊಟ್ಟ ಹಾಗೆ. ಚೆಂಡಿನ ಬಾಯಿ ಬಿಗಿದ ತೊಗಲಿನ ದಾರ ತಾಗಿದರೆ ಹಣೆ ಸೀಳುತ್ತಿತ್ತು. ಇದು ನಮಗೆಲ್ಲ ಗೊತ್ತಿತ್ತು. ಅದಕ್ಕೇ ಎತ್ತರದ ಚೆಂಡು ಬಂದಾಗಲೆಲ್ಲ ಪಕ್ಕಕ್ಕೆ ಸರಿದು ಕೂಗುತ್ತಿದ್ದೆವು.

"ಬಿಡ್ರಲೇ, ಅವಂಗ ಬಿಡ್ರಿ! ಸಾಗವಾನಿ ಹೊತ್ತ ತಲಿ ಅದು, ಏನೂ ಆಗಂಗಿಲ್ಲ!"

ಅವನೂ ನಗುತ್ತಿದ್ದ. ಹಣೆಯ ತುಂಬ ಗಾಯದ ಗೆರೆಗಳು.

ಆ ವರ್ಷ ಕ್ಯಾಸಲ್‌ರಾಕಿನ ರೈಲ್ವೆಯವರ ಜೊತೆ ಕೊನೆಯ ಪಂದ್ಯ. ಅದಕ್ಕೆ ಮೊದಲೇ ಅವನಲ್ಲಿ ಏನೋ ಬದಲಾಗಿತ್ತು. ಅಂಗಿಯ ಗುಂಡಿ ತಪ್ಪಿ ಹಾಕಿಕೊಳ್ಳುತ್ತಿದ್ದ. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದ. ಒಂದು ಸಂಜೆ ತನ್ನ ಗುಡಿಸಲಿನ ದಾರಿಯಲ್ಲೇ ನಿಂತು, ಯಾವ ಕಡೆ ಹೋಗಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದ... ಕಂಡೂ ನಾನು ಮುಂದೆ ನಡೆದೆ.

ಪಂದ್ಯದ ದಿನ ಬೆಳಗಿನಿಂದ ಮಳೆ. ನಡುವಿನ ಬಿಡುವಿನಲ್ಲಿ ಅವನು ಗೋಲಿನ ಕಂಬ ಹಿಡಿದು ನಿಂತಿದ್ದ. ನನ್ನನ್ನು ಹತ್ತಿರ ಕರೆದ.

"ಕಾರಕೂನ್ರ, ತಲಿ ಗುಂಯ್ ಅನ್ನಾಕ ಹತ್ತೇತಿ. ಒಂದ ಚೆಂಡು ಎರಡ ಕಾಣತೈತಿ. ಇವತ್ತ ಅಂಚಿಗೆ ನಿಂದರಸ್ರಿ ಅಂತ ಕ್ಯಾಪ್ಟನ್‌ಗ ಹೇಳ್ರಿ. ಕೆಲಸ ಮಾತ್ರ ತಪ್ಪಸಬ್ಯಾಡ್ರಿ ಅನ್ರಿ."

ಅವನಿಗೆ ಕೊಂಕಣಿ, ನಮ್ಮ ಜೊತೆ ಕಲಿತ ಕನ್ನಡ. ಕ್ಯಾಪ್ಟನ್ನನಿಗೆ ಬಂಗಾಲಿ, ಹಿಂದಿ. ಇಬ್ಬರ ನಡುವೆ ಮಾತು ದಾಟಿಸಲು ನಾನೊಬ್ಬನೇ. ಅವನು ಅಂಚಿಗೆ ಸರಿದರೆ ನಡುವೆ ನಿಂತು ಆ ಚೆಂಡಿಗೆ ತಲೆ ಕೊಡಬೇಕಾದವನೂ ನಾನೇ.

ಏನಂತೆ ಎಂದು ಕ್ಯಾಪ್ಟನ್ ಕೇಳಿದ. ತಯಾರಿದ್ದಾನಂತೆ, ಎತ್ತರದ ಚೆಂಡೆಲ್ಲ ತನಗೇ ಬಿಡಬೇಕಂತೆ ಎಂದು ಹಿಂದಿಯಲ್ಲಿ ಹೇಳಿದೆ. ಕ್ಯಾಪ್ಟನ್ ಖುಷಿಯಾಗಿ ಅವನ ಬೆನ್ನು ತಟ್ಟಿ ಮೈದಾನದ ನಡುವಿಗೆ ಕೈ ತೋರಿಸಿದ.

ಅವನು ನನ್ನ ಮುಖ ನೋಡಿದ. "ಒಪ್ಪಲಿಲ್ಲೇನ್ರಿ?"

"ಇಲ್ಲೋ" ಎಂದೆ.

"ಇರಲಿ ಬಿಡ್ರಿ. ನೀವರ ಹೇಳಿದ್ರಲ್ಲ, ಅಷ್ಟ ಸಾಕು."

ಗೆದ್ದೆವು. ಎಲ್ಲರೂ ಕಪ್ಪಿನ ಸುತ್ತ ಕುಣಿಯುತ್ತಿದ್ದಾಗ ಅವನು ರೈಲ್ವೆಯವರ ಗುಂಪಿನಲ್ಲಿ ಹೋಗಿ ಕುಳಿತಿದ್ದ. ಎಷ್ಟು ಕರೆದರೂ ಏಳಲಿಲ್ಲ. ತನ್ನವರು ಯಾರೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಕಾವಲಿನ ಕೆಲಸ ಬೇರೊಬ್ಬನಿಗೆ ಹೋಯಿತು. ದಾರಿಯೇ ನೆನಪಿರದವನಿಗೆ ಡಿಪೋ ಹೇಗೆ ಒಪ್ಪಿಸಲಿ ಎಂದು ಗುತ್ತಿಗೆದಾರ ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ.

ಮಳೆ ನಿಂತ ಮೇಲೆ ಜೋಯಿಡಾದಿಂದ ಅವನ ಹೆಂಡತಿ ಬಂದಳು. ಕೈ ಹಿಡಿದು ಕರೆದೊಯ್ಯುತ್ತಿದ್ದಾಗ ಅವನು ಡಿಪೋದ ಬಾಗಿಲಲ್ಲಿ ನನ್ನನ್ನು ಕಂಡು ನಿಂತ. ಊರು, ಗೆದ್ದ ಕಪ್, ಎಲ್ಲ ಮರೆತಿದ್ದವನು ನನ್ನತ್ತ ಬೆರಳು ತೋರಿಸಿ ಕೊಂಕಣಿಯಲ್ಲಿ ಏನೋ ಹೇಳಿದ. ಆಕೆ ನನಗೆ ಕೈಮುಗಿದಳು.

"ತನ್ನ ಸಲುವಾಗಿ ಮಾತಾಡಿದವ್ರು ನೀವೊಬ್ರ ಅಂತಾರ್ರಿ."

ನಾನೂ ಕೈಮುಗಿದೆ.

ಮುಂದಿನ ಮಳೆಗಾಲವನ್ನು ಅವನು ಕಾಣಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಕ್ಯಾಪ್ಟನ್ನೂ ಇಲ್ಲ, ಆ ಹೆಂಗಸೂ ಇರಲಾರಳು. ಆ ದಿನ ನಾನು ಹಿಂದಿಯಲ್ಲಿ ಹೇಳಿದ್ದೇನೆಂದು ಬಲ್ಲವನು ಈಗ ನಾನೊಬ್ಬನೇ... ಚಪ್ಪಲಿ ಇನ್ನೂ ಆ ಅಂಗಡಿಯಲ್ಲಿದೆ. ತರಿಸಿಕೊಂಡಿಲ್ಲ.