ಎಡಗೈ ಮುದ್ದೆ

ನಮ್ಮ ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಬೇರೆ ಹೊತ್ತಿನಲ್ಲೆಲ್ಲ ಕನ್ನಡವೇ. ನಗರಗೆರೆ ಕಡೆಯ ನಮ್ಮ ಊರಿನಿಂದ ಆಂಧ್ರದ ಗಡಿಗೆ ನಡೆದೇ ಹೋಗಬಹುದಿತ್ತು, ಎರಡು ಭಾಷೆಯೂ ಎಲ್ಲರ ಬಾಯಲ್ಲಿ ಆಡುತ್ತಿದ್ದವು. ಆದರೆ ಅತ್ತೆ ಮಾತ್ರ ತೆಲುಗನ್ನು ಬೈಯುವುದಕ್ಕೆಂದೇ ಎತ್ತಿಟ್ಟುಕೊಂಡಿದ್ದರು. ಮದುವೆಯಾಗಿ ಬಂದ ಮೊದಲ ಎರಡು ವರ್ಷ ಅದು ನನ್ನ ಕಿವಿಗೆ ಬೀಳದ ದಿನವಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ "ಬುದ್ಧಿ ಲೇದಾ ನೀಕು?", ಬುದ್ಧಿ ಇಲ್ವಾ ನಿನಗೆ ಅಂತ. ಮುದ್ದೆಯಲ್ಲಿ ಗಂಟು ಸಿಕ್ಕಿದರೆ "ಬುದ್ಧಿ ಲೇದಾ ನೀಕು?" ನಾನೇನು ಕಡಿಮೆಯವಳಲ್ಲ. ತವರು ಮೇಲೂರು, ಏಳನೇ ಕ್ಲಾಸು ಪಾಸು, ಗಂಡ ನಗರಗೆರೆಯ ಶಾಲೆಯಲ್ಲಿ ಮೇಷ್ಟ್ರು. ಮುಖ ಊದಿಸಿಕೊಂಡು ಹಿತ್ತಿಲಿಗೆ ಹೋಗಿ ಪಾತ್ರೆಗಳನ್ನು ಸದ್ದಾಗುವಂತೆ ತೊಳೆಯುತ್ತಿದ್ದೆ.

ಇದು ಐವತ್ತರ ದಶಕದ ಮಾತು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಕಬ್ಬಿನ ಗದ್ದೆಯ ಪಕ್ಕದಲ್ಲೇ ಆಲೆಮನೆ ಹೂಡಿದ್ದರು. ಎತ್ತುಗಳು ಸುತ್ತುತ್ತಿದ್ದಂತೆ ಗಾಣದ ಕಬ್ಬಿಣದ ಉರುಳೆಗಳು ತಿರುಗಿ ಕಬ್ಬನ್ನು ಅರೆಯುತ್ತಿದ್ದವು. ಮಾವ ಎತ್ತುಗಳ ಹಿಂದೆ ನಡೆಯುತ್ತಿದ್ದರು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಗಾಣಕ್ಕೆ ಕಬ್ಬು ಕೊಡುವ ಆಳು ಎದ್ದು ಹೋಗಿದ್ದ. ಅವನ ಜಾಗದಲ್ಲಿ ನಾನು ಕೂತೆ.

"ಬೇಡಮ್ಮ, ಅವನು ಬರ್ತಾನೆ" ಎಂದರು ಮಾವ.

"ನಂಗೇನು ಬರಲ್ವಾ ಮಾವ? ನೋಡ್ತಾ ಇರಿ" ಎಂದೆ.

ನೋಡುತ್ತಾ ಇರಿ ಎಂದವಳು ನಾನೇ. ಇದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಏಳೋ ಎಂಟೋ ಕಬ್ಬು ಕೊಟ್ಟಿರಬೇಕು. ಒಂದು ಸೊಟ್ಟ ಕಬ್ಬು ಉರುಳೆಗೆ ಸಿಕ್ಕಿ ತಿರುಚಿಕೊಂಡಿತು, ಅದರ ಜೊತೆಗೆ ನನ್ನ ಬಲಗೈಯೂ ಹೋಯಿತು. ಬಳೆ ಒಡೆದ ಸದ್ದು ಕೇಳಿದ ಮೇಲೆಯೇ ನಾನು ಕಿರುಚಿದ್ದು. ಮಾವ ನೊಗಕ್ಕೆ ಜೋತುಬಿದ್ದು ಎತ್ತುಗಳನ್ನು ಹಿಡಿದರು. ನಿಲ್ಲುವ ಮುಂಚೆ ಎತ್ತುಗಳು ಎರಡು ಹೆಜ್ಜೆ ಇಟ್ಟವು. ಆ ಎರಡು ಹೆಜ್ಜೆಯನ್ನು ಮಾವ ಕೊನೆಯವರೆಗೂ ಮರೆಯಲಿಲ್ಲ.

ಗಾಡಿಯಲ್ಲಿ ಗೌರಿಬಿದನೂರು, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆ. ದಾರಿಯುದ್ದಕ್ಕೂ ನನ್ನ ತಲೆ ಗಂಡನ ತೊಡೆಯ ಮೇಲಿತ್ತು. ಡಾಕ್ಟರು ಮಣಿಕಟ್ಟಿನ ಮೇಲಕ್ಕೆ ಕೈ ತೆಗೆದರು. ಮೊಣಕೈ ಉಳಿಯಿತು. ಆಗ ನನಗೆ ಇಪ್ಪತ್ತು ವರ್ಷ.

ಶಿವರಾತ್ರಿಗೆ ಮುಂಚೆ ಮನೆಗೆ ಬಂದೆ. ಊರಿನ ಹೆಂಗಸರೆಲ್ಲ ಬಂದು ನೋಡಿ "ಪಾಪ" ಎಂದರು. ನಾನು ನೀರು ಕುಡಿದರೂ ಪಾಪ, ಎದ್ದು ನಿಂತರೂ ಪಾಪ. ಆ ಮಾತು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆದರೆ ಊರವರ ಪಾಪಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಅತ್ತೆಯ ಕನ್ನಡ. ಅವರು ಬೈಯುವುದನ್ನೇ ಬಿಟ್ಟುಬಿಟ್ಟಿದ್ದರು. ನನ್ನ ಎಡಗೈಯಿಂದ ಹಾಲಿನ ಚೊಂಬು ಜಾರಿ ಹಾಲೆಲ್ಲ ಚೆಲ್ಲಿದ ದಿನ, ಈಗ ತೆಲುಗು ಬರುತ್ತದೆ ಎಂದು ಕಾದೆ. "ಹೋಗ್ಲಿ ಬಿಡಮ್ಮ" ಎಂದು ಅವರೇ ಬಗ್ಗಿ ಒರೆಸಿದರು. ಅಡುಗೆಮನೆಯ ಹೊಸ್ತಿಲು ದಾಟಲು ಹೋದರೆ "ನಾನು ನೋಡ್ಕೋತೀನಿ, ಹೋಗಿ ಮಲಕ್ಕೋ" ಎಂದು ಅಡ್ಡ ನಿಲ್ಲುತ್ತಿದ್ದರು.

ಮಾವನದು ಇನ್ನೂ ಬೇರೆ. ಅವರು ನಡುಮನೆಯಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟರು. ಅತ್ತೆ ಒಂದು ಮುಚ್ಚಿದ ಪಾತ್ರೆ ಕೊಡುತ್ತಿದ್ದರು, ಅದನ್ನು ಕೊಟ್ಟಿಗೆಯ ಕಡೆಗೆ ತೆಗೆದುಕೊಂಡು ಹೋಗುತ್ತಿದ್ದರು. ನಾನು ಎಡಗೈಯಲ್ಲಿ ಉಣ್ಣುವುದನ್ನು ಕಣ್ಣಿಂದ ನೋಡಲಾರರು ಎಂದುಕೊಂಡೆ. ಎಡಗೈ ಯಾವುದಕ್ಕೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಕೈಯಲ್ಲಿ ಅನ್ನ ಮುಟ್ಟಬಾರದು, ಯಾರಿಗೂ ಏನೂ ಕೊಡಬಾರದು. ನನಗೆ ಈಗ ಉಳಿದಿದ್ದು ಅದೊಂದೇ. ಬಡಿಸಲಾಗದ ಸೊಸೆ ಈ ಮನೆಗೆ ಏತಕ್ಕೆ? ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಹೇಳಿಕೊಂಡೆ.

ದೇವರ ಮನೆಗೂ ಹೋಗುತ್ತಿರಲಿಲ್ಲ. ಕೈ ಮುಗಿಯಲು ಎರಡು ಕೈ ಬೇಕು. ಒಂದನ್ನು ಕಿತ್ತುಕೊಂಡವನಿಗೆ ಹೇಗೆ ಮುಗಿಯಲಿ ಎಂದು ಗಂಡನ ಮೇಲೆ ರೇಗಿದೆ. ಯುಗಾದಿ ಆದ ಮೇಲೆ "ನನ್ನನ್ನ ಮೇಲೂರಿಗೆ ಬಿಟ್ಟುಬನ್ನಿ" ಎಂದೆ. ಅತ್ತೆ ತಡೆಯುತ್ತಾರೇನೋ ಎಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು, ಅಷ್ಟೇ. ಮಾವ ಹೊಲದಿಂದ ಬರಲೇ ಇಲ್ಲ.

ಮೇಲೂರಿನಲ್ಲಿ ನನ್ನ ತಾಯಿ ಒಬ್ಬಳೇ ರೇಷ್ಮೆ ಹುಳು ಸಾಕುತ್ತಿದ್ದಳು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನನ್ನು ಕಂಡು ಒಂದು ದಿನ ಅತ್ತಳು, ಲೆಕ್ಕದ ಹಾಗೆ ಒಂದೇ ದಿನ. ಮರುದಿನ ಬೆಳಗ್ಗೆ ತಲೆ ಬಾಚು ಎಂದು ಹೋದರೆ "ನೀನೇ ಬಾಚ್ಕೋ" ಎಂದಳು. ಕುಪ್ಪಸದ ಗುಂಡಿ ಹಾಕು ಎಂದರೆ ಅದಕ್ಕೂ ಅದೇ ಮಾತು. ಎಂಥ ಕಲ್ಲು ಮನಸ್ಸು ಎಂದು ಬೈದುಕೊಂಡೆ. ಒಂದು ಗುಂಡಿ ಹಾಕುವಷ್ಟರಲ್ಲಿ ಬಿಸಿಲೇರಿತ್ತು. ಒಂದು ವಾರದಲ್ಲಿ ಅವಳು ಹಲ್ಲುಜ್ಜಿ ಬರುವ ಹೊತ್ತಿಗೆ ನಾನು ಸೀರೆ ಉಟ್ಟು ನಿಂತಿರುತ್ತಿದ್ದೆ.

ಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರ ಬಿಟ್ಟೆದ್ದು ದೊಡ್ಡ ಹಸಿವಿಗೆ ಬಂದವು. ಆಗ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಅಮ್ಮನಿಗೆ ತೋಟದಿಂದ ಸೊಪ್ಪು ತರುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ. "ಹುಳದ ತಟ್ಟೆಗಳಿಗೆ ಸೊಪ್ಪು ಹಾಕು ಹೋಗೇ" ಎಂದಳು. ನಾನು ಒಲ್ಲೆ ಎಂದೆ. ಹುಳದ ಮನೆ ಎಂದರೆ ದೇವರ ಮನೆಯಷ್ಟೇ ಮಡಿ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಹೊರಗಿನವರಂತೂ ಇಣುಕುವಂತಿಲ್ಲ. ನನ್ನ ಎಡಗೈ ತಾಗಿ ಬೆಳೆಯೇ ಹೋದರೆ?

"ಎಡಗೈ ಕಣಮ್ಮ" ಎಂದೆ.

"ಅದಕ್ಕೇನೀಗ? ಬೆಳಗ್ಗೆಯಿಂದ ಸೊಪ್ಪು ಕಾಣದೆ ತಲೆ ಎತ್ಕೊಂಡು ಕಾಯ್ತಾ ಇದಾವೆ. ನೀನು ಹಾಕ್ತೀಯೋ, ಅವು ಸಾಯ್ಬೇಕೋ?"

ಹೋಗಿ ನೋಡಿದೆ. ನಿಜವಾಗಿಯೂ ತಟ್ಟೆ ತುಂಬ ತಲೆ ಎತ್ತಿಕೊಂಡು ಅತ್ತಿತ್ತ ಆಡಿಸುತ್ತಿದ್ದವು. ಹೆದರುತ್ತಲೇ ಎಡಗೈಯಲ್ಲಿ ಸೊಪ್ಪು ಹರಡಿದೆ. ನನ್ನ ಕೈ ಹಿಂದಕ್ಕೆ ಬರುವ ಮುಂಚೆಯೇ ತಿನ್ನಲು ಶುರುಮಾಡಿದವು. ಅಲ್ಲೇ ತಟ್ಟೆಗಳ ನಡುವೆ ನಿಂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಯಾರೋ ನನ್ನ ಕೈಯಿಂದ ಉಂಡರಲ್ಲ ಎಂದು. ಆಮೇಲೆ ಹುಳು ಹಣ್ಣಾಗಿ ಗೂಡು ಕಟ್ಟುವವರೆಗೂ ಎಲ್ಲ ತಟ್ಟೆಗಳೂ ನನ್ನವೇ ಆದವು. ಗೂಡು ಬಿಡಿಸುವ ದಿನ ಅಮ್ಮ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ, "ಗಟ್ಟಿಯಾಗಿದೆ" ಎಂದಳು. ನಾನು ಒಂದು ಗೂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಾರನೆಯ ದಿನವೇ ಮುದ್ದೆಯ ಪಾತ್ರೆಯ ಮುಂದೆ ಕೂತೆ. ಕುದಿಯುವ ನೀರಿನಲ್ಲಿ ರಾಗಿ ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿಗೆ ಸಿಕ್ಕಿಸಿ, ಕೋಲಿನ ಎರಡು ಕವಲನ್ನೂ ಪಾದಗಳಿಂದ ಒತ್ತಿ ಹಿಡಿಯುವುದು ಎಲ್ಲ ಹೆಂಗಸರೂ ಮಾಡುವ ಕೆಲಸ. ತಿರುವುವುದೇ ಕಷ್ಟ, ಅದಕ್ಕೆ ಎರಡು ಕೈ ಬೇಕು. ತಿರುವುವ ಕೋಲಿನ ತುದಿಯನ್ನು ಬಲ ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು, ನಡುವೆ ಎಡಗೈ ಹಿಡಿದು, ಮೈಯನ್ನೆಲ್ಲ ಹಾಕಿ ತಿರುವಿದೆ. ಮೊದಲ ದಿನದ ಮುದ್ದೆಯನ್ನು ಎಮ್ಮೆ ತಿಂದಿತು. ಎರಡನೆಯ ದಿನದ್ದನ್ನು ಎಮ್ಮೆಯೂ ಮೂಸಿ ನೋಡಿ ಬಿಟ್ಟಿತು. ಕಟ್ಟುವುದು ಇನ್ನೊಂದು ತೊಡಕು. ಒಂದೇ ಅಂಗೈಯಲ್ಲಿ ಮುದ್ದೆ ದುಂಡಗಾಗುವುದಿಲ್ಲ. ಅಮ್ಮ ಅಟ್ಟದಿಂದ ಒಂದು ಮರದ ಬೋಗುಣಿ ಇಳಿಸಿಕೊಟ್ಟಳು. ಒಳಗೆ ನೀರು ಸವರಿ, ಹಿಟ್ಟಿನ ಉಂಡೆ ಹಾಕಿ, ಒಂದೇ ಕೈಯಲ್ಲಿ ಗಿರಗಿರ ತಿರುಗಿಸಿದರೆ ಅದು ತಾನೇ ಉರುಳಿ ಉರುಳಿ ದುಂಡಗಾಯಿತು. ಎರಡು ಕೈಯವರು ಕಟ್ಟಿದ್ದಕ್ಕಿಂತ ನುಣ್ಣಗೆ ಬಂತು. ನಾಲ್ಕು ಮನೆಗೆ ಕೇಳುವಂತೆ ಅಮ್ಮನನ್ನು ಕೂಗಿದೆ.

ಗಂಡ ಭಾನುವಾರ ಬಿಡುವಿದ್ದಾಗಲೆಲ್ಲ ಬಸ್ಸು ಹಿಡಿದು ಬರುತ್ತಿದ್ದರು. ಮಾವ ಹೇಗಿದಾರೆ ಎಂದರೆ "ಸ್ವಲ್ಪ ಇಳಿದುಹೋಗಿದಾರೆ" ಎನ್ನುತ್ತಿದ್ದರು. ಏನಾಗಿದೆ ಎಂದರೆ ಕಿಟಕಿಯ ಕಡೆ ನೋಡುತ್ತಿದ್ದರು. ನನ್ನ ಬಗ್ಗೆ ಬೇಸರವಿರಬೇಕು, ಹೇಳಲಾರರು ಎಂದುಕೊಂಡೆ.

ದಸರಾ ಮುಗಿದ ಮೇಲೆ ಗಂಡನ ಮನೆಗೆ ಹೋಗಿಯೇ ನೋಡುತ್ತೇನೆ ಎಂದು ತೀರ್ಮಾನಿಸಿದೆ. ಮೊದಲು ಅಮ್ಮ ಚಿಂತಾಮಣಿಯ ಮೇಲೆ ಕೈವಾರದ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಹೋಗುವವರೆಗೂ ನಾನು ಗೊಣಗಿದೆ. ತೀರ್ಥ ಕೊಡುವ ಸಾಲಿನಲ್ಲಿ ಎಲ್ಲರೂ ಬಲ ಅಂಗೈ ಚಾಚುತ್ತಿದ್ದರು. ನನ್ನ ಸರದಿ ಬಂದಾಗ ಬಲಗಡೆ ಸೆರಗಿನಲ್ಲಿ ಮುಚ್ಚಿತ್ತು, ಎಡಗೈ ಬೆನ್ನ ಹಿಂದೆ ಇತ್ತು. ಪೂಜಾರಿ ಉದ್ಧರಣೆ ಹಿಡಿದು ಕಾದರು. ಪಾಪ ಎನ್ನುತ್ತಾರೆ, ಇಲ್ಲ ಗದರುತ್ತಾರೆ ಎಂದು ಕಾದೆ.

"ಇರೋ ಕೈ ನೀಡಮ್ಮ, ಬೇಗ. ಹಿಂದೆ ಜನ ನಿಂತವ್ರೆ" ಎಂದರು.

ನೀಡಿದೆ. ತೀರ್ಥ ಬಿತ್ತು. ಕುಡಿದೆ. ಅವರು ಆಗಲೇ ಮುಂದಿನವರ ಕಡೆ ತಿರುಗಿದ್ದರು. ನನಗೆ ಅದೆಷ್ಟು ಹಿತವಾಯಿತೆಂದರೆ, ತಿಂಗಳುಗಟ್ಟಲೆ ದೇವರ ಜೊತೆ ಟೂ ಬಿಟ್ಟಿದ್ದವಳು ಆ ಒದ್ದೆ ಕೈಯನ್ನೇ ಹಣೆಗೆ ಒತ್ತಿಕೊಂಡೆ. ಮುಗಿಯುವುದಕ್ಕೆ ಅಷ್ಟು ಸಾಕಾಯಿತು.

ಹೊರಡುವ ದಿನ ಅಮ್ಮನಿಗೆ ಹೇಳಿದೆ: "ಹೋಗಿ ಮುದ್ದೆ ಕಟ್ಟಿ ಬಡಿಸ್ತೀನಿ. ಒಬ್ಬರು ಹಿಂದೆಮುಂದೆ ನೋಡಿದ್ರೂ ವಾಪಸ್ ಬರ್ತೀನಿ, ಮತ್ತೆ ಹೋಗಲ್ಲ. ನನ್ನ ಹಾಸಿಗೆ ಹಾಸಿಯೇ ಇರಲಿ." ಅಮ್ಮ ಆಗಲಿ ಎಂದಳು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರು ತಲುಪಿದೆ. ಗಂಡ ಗಾಡಿ ತಂದಿದ್ದರು. ಮರದ ಬೋಗುಣಿ ನನ್ನ ಮಡಿಲಲ್ಲಿತ್ತು. ಮನೆಗೆ ಬಂದವಳು ಕಾಲು ತೊಳೆದು ನೇರವಾಗಿ ಅಡುಗೆಮನೆಗೆ ನಡೆದೆ. ಅತ್ತೆ ಅಡ್ಡ ಬಂದರು.

"ಇವತ್ತು ಮುದ್ದೆ ನಾನು ಮಾಡ್ತೀನಿ ಅತ್ತೆ" ಎಂದೆ.

ಅವರು ನನ್ನ ಮುಖ ನೋಡಿದರು, ಬೋಗುಣಿ ನೋಡಿದರು, ಪಕ್ಕಕ್ಕೆ ಸರಿದರು. ಹಿತ್ತಿಲ ಬಾಗಿಲಿಗೆ ಹೋಗಿ ಕೊಟ್ಟಿಗೆಯ ಕಡೆಗೆ ಕೂಗಿದರು: "ಏನೂಂದ್ರೆ, ಒಳಗೆ ಬನ್ನಿ ಊಟಕ್ಕೆ."

ಮಾವ ಬಂದರು. ನಾನು ಗುರುತು ಹಿಡಿಯುವುದೂ ಕಷ್ಟವಾಯಿತು. ಅಷ್ಟು ದೊಡ್ಡ ಆಳು, ಭುಜದ ಮೂಳೆ ಎದ್ದು ಕಾಣುತ್ತಿತ್ತು. ಹಿಂದೆ ಕೂರುತ್ತಿದ್ದ ಕಂಬದ ಪಕ್ಕದಲ್ಲೇ ಕೂತರು. ನಾನು ಹಿಟ್ಟು ತಿರುವಿ, ಬೋಗುಣಿಯಲ್ಲಿ ಮುದ್ದೆ ಕಟ್ಟಿ, ಎಡಗೈ ಒದ್ದೆ ಮಾಡಿಕೊಂಡು ತಂದು ಅವರ ತಟ್ಟೆಗೆ ಹಾಕಿದೆ, ಸಾರು ಬಿಟ್ಟೆ. ಮಾವನ ಕೈ ಏಳಲಿಲ್ಲ. ತಟ್ಟೆಯನ್ನೇ ನೋಡುತ್ತಾ ಕೂತರು. ಸಂಜೆ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸತೊಡಗಿದೆ.

"ತಿನ್ನಿ" ಎಂದರು ಅತ್ತೆ, ಬಾಗಿಲಲ್ಲಿ ನಿಂತು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಆಸ್ಪತ್ರೆಯಿಂದ ನಿನ್ನ ಕರ್ಕೊಂಡ್ ಬಂದ ದಿನವೇ ದೀಪ ಹಚ್ಚಿ ಹರಕೆ ಹೊತ್ಕೊಂಡ್ರು ಕಣಮ್ಮ. ನೀನು ಕಟ್ಟಿ ಬಡಿಸೋವರೆಗೂ ಮುದ್ದೆ ಮುಟ್ಟಲ್ಲ ಅಂತ. ಎಂಟು ತಿಂಗಳಿಂದ ಬರೀ ಗಂಜಿ. ನಿನಗೆ ಕಾಣಬಾರದು ಅಂತ ಕೊಟ್ಟಿಗೇಲಿ ಕೂತು ಕುಡಿಯೋರು. ಗೊತ್ತಾದ್ರೆ ನೋವು ಮಾಯೋಕೆ ಮುಂಚೆನೇ ಒಲೆ ಮುಂದೆ ಕೂರ್ತಾಳೆ, ಅವಳಾಗೇ ಬರೋವರೆಗೂ ಯಾರೂ ಬಾಯಿ ಬಿಡಬಾರದು ಅಂತ ನಮ್ಮೆಲ್ಲರ ಹತ್ರ ಆಣೆ ಹಾಕಿಸ್ಕೊಂಡ್ರು."

ಗಂಡನ ಕಡೆ ನೋಡಿದೆ. ಅವರು ಎಂದಿನಂತೆ ಕಿಟಕಿಯ ಕಡೆ ತಿರುಗಿದ್ದರು. ನಾನೆಂಥ ಪೆದ್ದಿ! ಆ ಮುಚ್ಚಿದ ಪಾತ್ರೆಯನ್ನು ಒಂದು ದಿನ ತೆರೆದು ನೋಡಿದ್ದರೆ ಸಾಕಿತ್ತು.

ಮಾವ ಮುದ್ದೆ ಮುರಿದರು. ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ನುಂಗಿದರು. ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎರಡನೆಯ ತುತ್ತು, ಮೂರನೆಯ ತುತ್ತು. ನಾಲ್ಕನೆಯದಕ್ಕೆ ಬಾಯಿ ನಿಂತಿತು.

"ಗಂಟು ಅದೆ ಕಣಮ್ಮ" ಎಂದರು.

ಅತ್ತೆ ಬಂದು ತಟ್ಟೆಯಿಂದ ಒಂದು ಚೂರು ಮುರಿದು ಬೆರಳಲ್ಲಿ ಹಿಸುಕಿ ನೋಡಿದರು. ಹಸಿ ಹಿಟ್ಟು ಬೆಳ್ಳಗೆ ಕಂಡಿತು. ಸೊಂಟಕ್ಕೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಬುದ್ಧಿ ಲೇದಾ ನೀಕು? ಹಿಟ್ಟು ಬೇಯೋಕೆ ಮುಂಚೆ ಕೋಲು ಹಾಕಿದೀಯಲ್ಲೇ! ಎಷ್ಟು ಸಲ ಹೇಳ್ಕೊಡಬೇಕು ನಿನಗೆ?"

ಅವರ ದನಿ ಬೀದಿಗೆ ಕೇಳಿರಬೇಕು. ನಾನು ಗೋಡೆಗೆ ಒರಗಿ ನಗಲು ಶುರುಮಾಡಿದೆ, ನಗುತ್ತಾ ನಗುತ್ತಾ ಅಳು ಬಂತು. ಅತ್ತೆ ಇನ್ನೂ ಬೈಯುತ್ತಲೇ ಇದ್ದರು. ಮಾವ ತಟ್ಟೆ ಮುಂದಕ್ಕೆ ತಳ್ಳಿ "ಇನ್ನೊಂದು ಹಾಕು" ಎಂದರು.

ಮರುದಿನ ಗಂಡನ ಹತ್ತಿರ ಒಂದು ಕಾರ್ಡು ತೆಗೆದುಕೊಂಡು ಅಮ್ಮನಿಗೆ ಬರೆದೆ. ಎಡಗೈಯಲ್ಲಿ ಬರೆದ ಮೊದಲ ಕಾಗದ ಅದು, ಅಕ್ಷರಗಳು ಕಾರ್ಡಿನ ತುಂಬ ಅಡ್ಡಾದಿಡ್ಡಿ ಓಡಾಡಿ ಹೆಚ್ಚು ಬರೆಯಲು ಜಾಗವಿರಲಿಲ್ಲ. ಇಷ್ಟೇ ಹಿಡಿಯಿತು: "ಮುದ್ದೆಯಲ್ಲಿ ಗಂಟಿತ್ತು. ಅತ್ತೆ ಬೈದರು. ನನ್ನ ಹಾಸಿಗೆ ಸುತ್ತಿಡು."